ಪಾರ್ಕಿನ್ಸನ್: ಬಚ್ಚಿಡದೆ ಹೇಳಿದ ಕಥೆಗಳು

1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಬಾಕ್ಸರ್ ಮುಹಮ್ಮದ್ ಅಲಿ ಜ್ಯೋತಿ ಬೆಳಗಿಸಿದಾಗ ಅವರ ಕೈ ನಡುಗುತ್ತಿದ್ದುದನ್ನು ಇಡೀ ಜಗತ್ತು ಟಿ.ವಿ.ಯಲ್ಲಿ ನೋಡಿತು. ಅವರಿಗಿದ್ದದ್ದು ಪಾರ್ಕಿನ್ಸನ್ ಕಾಯಿಲೆ.

ನಮ್ಮ ಚಲನೆ ಸರಾಗವಾಗಿರಲು ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬೇಕು. ಅದನ್ನು ತಯಾರಿಸುವ ಜೀವಕೋಶಗಳು ಕ್ರಮೇಣ ನಾಶವಾದಾಗ ಕೈ ನಡುಗುತ್ತದೆ, ನಡಿಗೆ ನಿಧಾನವಾಗುತ್ತದೆ, ದನಿ ಕುಗ್ಗುತ್ತದೆ. ಮುಖದ ಸ್ನಾಯುಗಳು ಬಿಗಿಯುವುದರಿಂದ ನಗು ಕೂಡ ಕಾಣಿಸದೆ ಹೋಗಬಹುದು. ನೋಡಿದವರು ‘ಇವರಿಗೆ ಸಿಟ್ಟು’ ಎಂದುಕೊಳ್ಳುತ್ತಾರೆ. ಇದು ಅಂಟುರೋಗವಲ್ಲ. ಪೂರ್ತಿ ಗುಣಪಡಿಸುವ ಔಷಧ ಇನ್ನೂ ಇಲ್ಲ. ಆದರೆ ಲೆವೊಡೋಪಾ ಮಾತ್ರೆ ಮತ್ತು ವ್ಯಾಯಾಮದಿಂದ ತೊಂದರೆ ಕಡಿಮೆಯಾಗುತ್ತದೆ. ಮಾತ್ರೆಯ ಪ್ರಭಾವ ಇಳಿದರೆ ಬಿಗಿತ ಮರಳುತ್ತದೆ. ಬೆಳಿಗ್ಗೆ ಚೆನ್ನಾಗಿ ನಡೆದವರೇ ಮಧ್ಯಾಹ್ನ ಹೆಜ್ಜೆಯಿಡಲು ಕಷ್ಟಪಡಬಹುದು. ಅದು ನಾಟಕವಲ್ಲ.

ಹಾಲಿವುಡ್ ನಟ ಮೈಕೆಲ್ ಜೆ. ಫಾಕ್ಸ್ ಅವರಿಗೆ 1991ರಲ್ಲಿ, ಚಿಕ್ಕ ವಯಸ್ಸಿನಲ್ಲೇ, ಈ ಕಾಯಿಲೆ ಪತ್ತೆಯಾಯಿತು. ಚಿತ್ರೀಕರಣದ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿ, ಎಡಗೈಯಲ್ಲಿ ಏನಾದರೊಂದು ಹಿಡಿದು, ಏಳು ವರ್ಷ ನಡುಕವನ್ನು ಮರೆಮಾಚಿದರು. 1998ರಲ್ಲಿ ಬಹಿರಂಗವಾಗಿ ಹೇಳಿದರು. 2023ರ ‘ಸ್ಟಿಲ್’ ಸಾಕ್ಷ್ಯಚಿತ್ರದಲ್ಲಿ ಕ್ಯಾಮೆರಾ ಮುಂದೆ ಕುಳಿತು ತಮ್ಮ ಕಥೆ ತಾವೇ ಹೇಳಿದ್ದಾರೆ. ನಡುಕ, ಬೀಳುವುದು, ತಮಾಷೆ ಎಲ್ಲವೂ ಅದರಲ್ಲಿವೆ.

ವೀಡಿಯೊದ ಪ್ರಯೋಜನ ಇದೇ. ಮಾತು ನಿಧಾನವಾದರೂ ಯೋಚನೆ ಚುರುಕಾಗಿದೆ ಎಂಬುದು ನೋಡಿದವರಿಗೆ ತಿಳಿಯುತ್ತದೆ. ಇದೇ ಕಾಯಿಲೆಯಿರುವ ಇನ್ನೊಬ್ಬರಿಗೆ ‘ನಾನೊಬ್ಬನೇ ಅಲ್ಲ’ ಎಂಬ ಧೈರ್ಯ ಬರುತ್ತದೆ.

ನಿಮ್ಮ ಮನೆಯಲ್ಲೂ ಇಂಥ ಹಿರಿಯರಿದ್ದರೆ, ಅವರು ಒಪ್ಪಿದರೆ, ಅವರ ಮಾತನ್ನು ಮೊಬೈಲ್‌ನಲ್ಲಿ ದಾಖಲಿಸಿ. ಒಪ್ಪಿಗೆಯಿಲ್ಲದೆ ಯಾರ ನಡುಕವನ್ನೂ ಚಿತ್ರೀಕರಿಸಬೇಡಿ. ಮಾತು ತಡವಾದರೆ ನಡುವೆ ಬಾಯಿ ಹಾಕದೆ, ಮುಗಿಯುವವರೆಗೆ ಕಾಯಿರಿ.