ಪ್ರಚಾರ ಚಿತ್ರದ ಆಯವ್ಯಯ: ಕೊಟೇಶನ್‌ಗೆ ಮುನ್ನ ಲೆಕ್ಕ

ವ್ಯಾಪಾರವೃದ್ಧಿಗೆ ಪ್ರಚಾರ ಅತ್ಯಗತ್ಯವೆಂಬುದು ಎಲ್ಲ ಉದ್ದಿಮೆದಾರರಿಗೂ ತಿಳಿದ ವಿಷಯ. ಹಿಂದೆ ಕ್ಯಾಲೆಂಡರ್, ಡೈರಿ, ಪತ್ರಿಕಾ ಜಾಹೀರಾತು ಹಾಗೂ ಚಿತ್ರಮಂದಿರದ ಸ್ಲೈಡುಗಳಿಗೆ ಸೀಮಿತವಾಗಿದ್ದ ಈ ಬಾಬ್ತು ಇಂದು ವೀಡಿಯೋ ಚಿತ್ರಗಳವರೆಗೆ ವಿಸ್ತರಿಸಿದೆ. ವಸ್ತುಪ್ರದರ್ಶನದ ಮಳಿಗೆಯಲ್ಲಿ, ಯೂಟ್ಯೂಬ್‌ನಲ್ಲಿ, ಗ್ರಾಹಕರ ವಾಟ್ಸ್‌ಆ್ಯಪ್‌ನಲ್ಲಿ ಎರಡು ನಿಮಿಷದ ಚಿತ್ರವೊಂದು ಕಾರ್ಖಾನೆಯ ಪರಿಚಯ ಪತ್ರದಂತೆ ಕೆಲಸ ಮಾಡುತ್ತದೆ. ಆದರೆ ಯಂತ್ರ ಕೊಳ್ಳುವಾಗ ಮೂರು ಕೊಟೇಶನ್ ತರಿಸಿ, ಹೂಡಿದ ಹಣ ಎಷ್ಟು ವರ್ಷಗಳಲ್ಲಿ ಹಿಂದಿರುಗುವುದೆಂದು ಲೆಕ್ಕ ಹಾಕುವ ಉದ್ಯಮಿಯೇ, ಚಿತ್ರದ ಮಾತು ಬಂದಾಗ ಸ್ಟುಡಿಯೋದವರು ಹೇಳಿದ ಮೊತ್ತಕ್ಕೆ ಒಪ್ಪಿಕೊಂಡುಬಿಡುವುದುಂಟು. ಚಿತ್ರ ಸಿದ್ಧವಾಗುವ ಹೊತ್ತಿಗೆ ಹಣ ಮುಗಿದಿರುತ್ತದೆ. ಅದನ್ನು ಗ್ರಾಹಕರಿಗೆ ತಲುಪಿಸಲು ಏನೂ ಉಳಿದಿರುವುದಿಲ್ಲ.

ಮೊದಲು ಆದಾಯದ ಕಡೆಯಿಂದ ಲೆಕ್ಕ

ಎರಕ ಉದ್ಯಮಕ್ಕೆ ಹೆಸರಾದ ಬೆಳಗಾವಿಯ ಸಣ್ಣ ಫೌಂಡ್ರಿಯೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇಲ್ಲಿನ ಅಂಕಿಗಳು ಲೆಕ್ಕದ ಕ್ರಮವನ್ನು ತೋರಿಸಲು ಭಾವಿಸಿಕೊಂಡವೇ ಹೊರತು ಮಾರುಕಟ್ಟೆಯ ದರಗಳಲ್ಲ. ಈ ಘಟಕದ ಮಾರಾಟ ಬೆಲೆಯಲ್ಲಿ ಕಚ್ಚಾ ಕಬ್ಬಿಣ, ವಿದ್ಯುತ್, ಕೂಲಿ ಮುಂತಾದ ಬದಲಾಗುವ ವೆಚ್ಚಗಳನ್ನು ಕಳೆದ ಮೇಲೆ ಶೇಕಡಾ 15ರಷ್ಟು ಉಳಿಯುತ್ತದೆಂದು ಇಟ್ಟುಕೊಳ್ಳೋಣ. ಚಿತ್ರಕ್ಕೆ 3 ಲಕ್ಷ ರೂಪಾಯಿ ಖರ್ಚು ಮಾಡಿದರೆ, ಆ ಹಣ ಹಿಂದಿರುಗಲು ಚಿತ್ರದ ಕಾರಣದಿಂದಲೇ 20 ಲಕ್ಷ ರೂಪಾಯಿಯ ಹೆಚ್ಚುವರಿ ಮಾರಾಟವಾಗಬೇಕು. ಒಬ್ಬ ಹೊಸ ಗ್ರಾಹಕ ವರ್ಷಕ್ಕೆ 10 ಲಕ್ಷದ ಎರಕ ಕೊಳ್ಳುವವನಾದರೆ ಇಬ್ಬರು ಸಾಕು. ವರ್ಷಕ್ಕೆ 50 ಸಾವಿರದ ಸರಕು ಕೊಳ್ಳುವ ಗ್ರಾಹಕರಾದರೆ ನಲವತ್ತು ಮಂದಿ ಬೇಕು. ಅಷ್ಟು ಗ್ರಾಹಕರನ್ನು ನಿರೀಕ್ಷಿಸಲಾಗದಿದ್ದರೆ ಮೊತ್ತವನ್ನು ಇಳಿಸಬೇಕು. ಇಲ್ಲವಾದಲ್ಲಿ ಮೂಗಿಗಿಂತ ಮೂಗುತಿ ಭಾರವಾದೀತು.

ಹಣದ ಹಂಚಿಕೆ

ಮೊತ್ತ ನಿಗದಿಯಾದ ಮೇಲೆ ಅದನ್ನು ಬಾಬ್ತುವಾರು ವಿಂಗಡಿಸಬೇಕು. ಮೇಲಿನ 3 ಲಕ್ಷವನ್ನು, ತೆರಿಗೆ ಹೊರತುಪಡಿಸಿ, ಹೀಗೆ ಹಂಚಬಹುದು:

1. ವಿಷಯ ಸಂಗ್ರಹ, ಚಿತ್ರಕಥೆ ಮತ್ತು ಯೋಜನೆ – ರೂ. 30,000
2. ಎರಡು ದಿನಗಳ ಚಿತ್ರೀಕರಣ – ರೂ. 1,00,000
3. ಸಂಕಲನ, ನಿರೂಪಣೆಯ ಧ್ವನಿ ಮತ್ತು ಸಂಗೀತದ ಹಕ್ಕು – ರೂ. 60,000
4. ಹಿಂದಿ ಮತ್ತು ಇಂಗ್ಲಿಷ್ ಆವೃತ್ತಿಗಳು – ರೂ. 20,000
5. ಪ್ರಸಾರ ಮತ್ತು ವಿತರಣೆ – ರೂ. 60,000
6. ಅನಿರೀಕ್ಷಿತ ವೆಚ್ಚ – ರೂ. 30,000

ಇವುಗಳಲ್ಲಿ ಮೊದಲನೆಯ ಮತ್ತು ಐದನೆಯ ಬಾಬ್ತುಗಳನ್ನೇ ಸಾಮಾನ್ಯವಾಗಿ ಕತ್ತರಿಸಲಾಗುತ್ತದೆ, ಕತ್ತರಿಸಬಾರದವು ಅವೇ. ಚಿತ್ರಕಥೆ ಕಾಗದದ ಮೇಲಿರುವಾಗ ಒಂದು ವಾಕ್ಯವನ್ನು ತಿದ್ದಲು ಖರ್ಚಿಲ್ಲ. ಚಿತ್ರೀಕರಣ ಮುಗಿದ ಮೇಲೆ ತಿದ್ದಬೇಕಾದರೆ ಇಡೀ ತಂಡ ಮತ್ತೊಮ್ಮೆ ಬರಬೇಕಾಗುತ್ತದೆ.

ಕೊಟೇಶನ್‌ನಲ್ಲಿ ಕಾಣದ ವೆಚ್ಚಗಳು

ಕಾರ್ಖಾನೆಯೊಳಗಿನ ಖರ್ಚು ಯಾವ ಸ್ಟುಡಿಯೋದ ದರಪಟ್ಟಿಯಲ್ಲೂ ಇರುವುದಿಲ್ಲ. ಕ್ಯಾಮೆರಾಕ್ಕಾಗಿ ಅರ್ಧ ಶಿಫ್ಟ್ ಕೆಲಸ ನಿಂತರೆ, ಆ ಹೊತ್ತಿನ ಉತ್ಪಾದನೆಯ ನಷ್ಟವೂ ಚಿತ್ರದ ವೆಚ್ಚವೇ. ಎರಕ ಹೊಯ್ಯುವ ದೃಶ್ಯಕ್ಕಾಗಿಯೇ ಫರ್ನೇಸ್ ಹೊತ್ತಿಸಿದರೆ ವಿದ್ಯುತ್ ಬಿಲ್ ಏರುತ್ತದೆ. ಆದ್ದರಿಂದ ಎಂದಿನಂತೆ ಎರಕ ಹೊಯ್ಯುವ ದಿನವನ್ನೇ ಚಿತ್ರೀಕರಣಕ್ಕೆ ಗೊತ್ತುಪಡಿಸುವುದು ಲೇಸು. ಗ್ರಾಹಕರ ನಕ್ಷೆಯಂತೆ ತಯಾರಿಸಿದ ಬಿಡಿಭಾಗಗಳನ್ನು ಅವರ ಲಿಖಿತ ಅನುಮತಿಯಿಲ್ಲದೆ ತೋರಿಸಿದರೆ ಗೋಪ್ಯತೆಯ ಕರಾರು ಮುರಿದಂತಾಗಬಹುದು. ಚಿತ್ರವನ್ನು ಮತ್ತೆ ಕತ್ತರಿಸಬೇಕಾದೀತು, ಗ್ರಾಹಕರೂ ಕೈತಪ್ಪಬಹುದು.

ಜನಪ್ರಿಯ ಚಲನಚಿತ್ರ ಗೀತೆಯನ್ನು ಹಿನ್ನೆಲೆಗೆ ಬಳಸುವುದಾದರೆ ಹಕ್ಕುದಾರರ ಪರವಾನಗಿ ಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಣ ಕೊಟ್ಟು ಮಾಡಿಸಿದ ಚಿತ್ರದ ಮೊದಲ ಹಕ್ಕು, ವ್ಯತಿರಿಕ್ತ ಕರಾರು ಇಲ್ಲದಿದ್ದಲ್ಲಿ, ಮಾಡಿಸಿದವರದ್ದೇ. ಆದರೆ ಸ್ಟುಡಿಯೋದ ಅಚ್ಚಾದ ಷರತ್ತುಗಳಲ್ಲಿ ಇದಕ್ಕೆ ವಿರುದ್ಧವಾದ ವಾಕ್ಯ ಅಡಗಿರಬಹುದು. ಹಕ್ಕಿನ ವರ್ಗಾವಣೆ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಅದು ಐದು ವರ್ಷಕ್ಕೆ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಸೀಮಿತ. ರಫ್ತು ಮಾಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ತೆರಿಗೆಯ ಲೆಕ್ಕ

ನೋಂದಾಯಿತ ಸ್ಟುಡಿಯೋ ಸಾಮಾನ್ಯವಾಗಿ ಶೇಕಡಾ 18ರಷ್ಟು ಜಿಎಸ್‌ಟಿ ವಿಧಿಸುತ್ತದೆ. ನಿಯಮಿತ ತೆರಿಗೆದಾರರಿಗೆ ಇದು ಇನ್‌ಪುಟ್ ತೆರಿಗೆ ಜಮೆಯಾಗಿ ದೊರೆಯುವುದರಿಂದ ವೆಚ್ಚವಲ್ಲ. ಆದರೂ ಕ್ರೆಡಿಟ್ ಸಿಗುವವರೆಗೆ ನಗದು ಕೈಬಿಟ್ಟಿರುತ್ತದೆ. ರಾಜಿ ತೆರಿಗೆ ಯೋಜನೆಯಲ್ಲಿರುವವರಿಗೆ ಈ ಜಮೆ ಇಲ್ಲ. ಇಡೀ 3 ಲಕ್ಷಕ್ಕೂ ತೆರಿಗೆ ಬಿದ್ದರೆ ಅವರ ಚಿತ್ರದ ನಿಜವಾದ ಬೆಲೆ 3,54,000 ರೂಪಾಯಿ.

ಕಂಪನಿಗಳು ಮತ್ತು ಪಾಲುದಾರಿಕೆ ಸಂಸ್ಥೆಗಳು, ಹಾಗೂ ಹಿಂದಿನ ವರ್ಷದ ವಹಿವಾಟು 1 ಕೋಟಿ ಮೀರಿದ ವೈಯಕ್ತಿಕ ಉದ್ಯಮಿಗಳು ಟಿಡಿಎಸ್ ಕಡಿತ ಮಾಡಬೇಕು. ಗುತ್ತಿಗೆ ಕೆಲಸದ ಒಂದು ಪಾವತಿ 30,000 ಅಥವಾ ವರ್ಷದ ಒಟ್ಟು ಪಾವತಿ 1 ಲಕ್ಷ ರೂಪಾಯಿ ಮೀರಿದಲ್ಲಿ, ವ್ಯಕ್ತಿಗಳಿಗೆ ಶೇಕಡಾ 1, ಇತರರಿಗೆ ಶೇಕಡಾ 2. ಕಡಿತ ಮಾಡದಿದ್ದರೆ ಆ ವೆಚ್ಚದ ಶೇಕಡಾ 30ರಷ್ಟು ಭಾಗ ಅಮಾನ್ಯವಾಗುತ್ತದೆ. ಒಬ್ಬರಿಗೇ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೂ ವೆಚ್ಚ ಅಮಾನ್ಯ.

ಉತ್ಪನ್ನದ ಜಾಹೀರಾತು ಚಿತ್ರದ ವೆಚ್ಚ ಬಂಡವಾಳ ವೆಚ್ಚವಲ್ಲ, ಕಂದಾಯ ವೆಚ್ಚವೆಂದು ಬಾಂಬೆ ಹೈಕೋರ್ಟ್ 2009ರಲ್ಲಿ ಜೆಫ್ರಿ ಮ್ಯಾನರ್ಸ್ ಕಂಪನಿಯ ಪ್ರಕರಣದಲ್ಲಿ ತೀರ್ಪಿತ್ತಿದೆ. ಲೆಕ್ಕಪತ್ರ ಮಾನಕ 26 ಸಹ ಪ್ರಚಾರ ವೆಚ್ಚವನ್ನು ಆಸ್ತಿಯೆಂದು ತೋರಿಸದೆ, ಆಯಾ ವರ್ಷದ ಲಾಭ-ನಷ್ಟ ಖಾತೆಗೇ ಹಾಕಬೇಕೆನ್ನುತ್ತದೆ.

ಪಾವತಿಯ ಕ್ರಮ

ಪೂರ್ಣ ಹಣವನ್ನು ಮುಂಗಡವಾಗಿ ಕೊಡುವುದು ಸರಿಯಲ್ಲ. ಶೇಕಡಾ 40 ಒಪ್ಪಂದದ ದಿನ, ಶೇಕಡಾ 40 ಮೊದಲ ಸಂಕಲನ ತೋರಿಸಿದಾಗ, ಉಳಿದ ಶೇಕಡಾ 20 ಅಂತಿಮ ಚಿತ್ರವೂ ಮೂಲ ದೃಶ್ಯಗಳೂ ಕೈಸೇರಿದ ಮೇಲೆ ಎಂದು ಗೊತ್ತುಮಾಡಿಕೊಳ್ಳಬಹುದು. ಎಷ್ಟು ಬಾರಿ ತಿದ್ದುಪಡಿ ಉಚಿತವೆಂಬುದೂ ಬರಹದಲ್ಲಿರಬೇಕು. ಮೂಲ ದೃಶ್ಯಗಳು ಕೈಯಲ್ಲಿದ್ದರೆ ಮುಂದಿನ ವರ್ಷ ಹೊಸ ಯಂತ್ರ ಬಂದಾಗ ಅದರ ಭಾಗವನ್ನಷ್ಟೇ ಚಿತ್ರೀಕರಿಸಿ ಸೇರಿಸಬಹುದು.

ಕೊನೆಯದಾಗಿ, ಹೊಸ ವಿಚಾರಣೆ ಬಂದಾಗಲೆಲ್ಲ "ನಮ್ಮ ಬಗ್ಗೆ ಹೇಗೆ ತಿಳಿಯಿತು?" ಎಂದು ಕೇಳಿ ಒಂದು ವಹಿಯಲ್ಲಿ ಬರೆದಿಡುವ ಪದ್ಧತಿಯನ್ನು ಚಿತ್ರ ಬಿಡುಗಡೆಯಾದ ದಿನದಿಂದಲೇ ಆರಂಭಿಸಬೇಕು. ಆ ಹೆಚ್ಚುವರಿ 20 ಲಕ್ಷದ ಮಾರಾಟ ಬಂದಿತೋ ಇಲ್ಲವೋ ಎಂಬುದನ್ನು ವರ್ಷಾಂತ್ಯದಲ್ಲಿ ತಿಳಿಸುವುದು ಆ ವಹಿಯೇ. ಎರಡನೆಯ ಚಿತ್ರಕ್ಕೆ ಹಣ ಮಂಜೂರು ಮಾಡಬೇಕೇ ಬೇಡವೇ ಎಂಬ ನಿರ್ಧಾರವನ್ನು ಅದನ್ನು ತೆರೆದು ನೋಡಿದ ಮೇಲೆಯೇ ಕೈಗೊಳ್ಳುವುದು ಕ್ಷೇಮ.