ಎಕರೆ ಲೆಕ್ಕ ಬೇರೆ, ನೀರಿನ ಲೆಕ್ಕ ಬೇರೆ

"ಈ ಸಲ ಎಕರೆಗೆ ಎಷ್ಟು ಬಂತು?" ಸುಗ್ಗಿ ಮುಗಿದ ಮೇಲೆ ನಮ್ಮ ಕಡೆ ಎಲ್ಲರೂ ಕೇಳೋದು ಇದೊಂದೇ ಪ್ರಶ್ನೆ. ಯಾಪಲದಿನ್ನಿಯಲ್ಲಿ ಕೇಳಿ, ಮಾನ್ವಿಯಲ್ಲಿ ಕೇಳಿ, ದೇವದುರ್ಗದಲ್ಲಿ ಕೇಳಿ, ಮಾತು ಎಕರೆಗೆ ಎಷ್ಟು ಚೀಲ, ಕ್ವಿಂಟಲ್‌ಗೆ ಏನು ರೇಟು ಅನ್ನೋದರ ಮೇಲೇ ನಿಲ್ಲುತ್ತದೆ. ಒಬ್ಬ ರೈತನ ಮನೆ ನಡೆಯಬೇಕಾದರೆ ಈ ಲೆಕ್ಕ ಬೇಕೇ ಬೇಕು. ಆದರೆ ಒಂದು ಊರಿಗೆ, ಒಂದು ಕಾಲುವೆಗೆ, ರಾಯಚೂರಿನಂಥ ನಗರಕ್ಕೆ ಇದೊಂದೇ ಲೆಕ್ಕ ಸಾಕಾ? ಸಾಲದು ಅನ್ನೋದನ್ನ ಈ ವಾರ ಅಂಕಿ ಹಿಡಿದೇ ನೋಡೋಣ.

ಎರಡು ಗೆರೆಯ ಚಿತ್ರ

ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞೆ ಕೇಟ್ ರಾವರ್ತ್ 2012ರಲ್ಲಿ ಒಂದು ಸರಳ ಚಿತ್ರ ಮುಂದಿಟ್ಟರು. 2017ರಲ್ಲಿ ಅದೇ ಪುಸ್ತಕವಾಯಿತು. ಹೆಸರು 'ಡೋನಟ್ ಅರ್ಥಶಾಸ್ತ್ರ'. ಡೋನಟ್ ಕಾಣದವರು ಉದ್ದಿನ ವಡೆ ನೆನೆಸಿಕೊಳ್ಳಿ. ನಡುವೆ ತೂತು, ಸುತ್ತ ವಡೆ.

ಒಳಗಿನ ಗೆರೆ ಅಂದರೆ ಮನುಷ್ಯನಿಗೆ ಕನಿಷ್ಠ ಬೇಕಾದದ್ದು: ಅನ್ನ, ನೀರು, ಆರೋಗ್ಯ, ಶಿಕ್ಷಣ, ಮನೆ, ದುಡಿಮೆ ಹೀಗೆ 12 ಬಾಬತ್ತು. ಇವು ಸಿಗದವರು ತೂತಿನಲ್ಲಿ ಬಿದ್ದಿದ್ದಾರೆ ಅಂತ ಅರ್ಥ. ಹೊರಗಿನ ಗೆರೆ ಅಂದರೆ ಭೂಮಿ ತಾಳುವ ಮಿತಿ: ಹವಾಮಾನ, ಸಿಹಿನೀರು, ಭೂಬಳಕೆ, ಸಾರಜನಕ-ರಂಜಕದ ಅತಿಬಳಕೆ, ಜೀವವೈವಿಧ್ಯ ಹೀಗೆ 9. ಈ ಗೆರೆ ದಾಟಿದರೆ ನೆಲ-ನೀರು ಕೆಡುತ್ತವೆ. ಎರಡು ಗೆರೆಗಳ ನಡುವೆ ಬದುಕೋದೇ ಗುರಿ. ನೆದರ್ಲೆಂಡ್ಸಿನ ಆಮ್‌ಸ್ಟರ್‌ಡ್ಯಾಮ್ ನಗರ 2020ರ ಏಪ್ರಿಲ್‌ನಲ್ಲಿ ಈ ಚಿತ್ರವನ್ನೇ ತನ್ನ ಯೋಜನೆಗೆ ಆಧಾರ ಮಾಡಿಕೊಂಡಿತು.

ಇದು ನಮಗೆ ಪೂರಾ ಹೊಸದೇನಲ್ಲ. ಗಾಂಧೀಜಿ ಜೊತೆಗಿದ್ದ ಜೆ.ಸಿ. ಕುಮಾರಪ್ಪ 1945ರಲ್ಲೇ 'ಶಾಶ್ವತ ಅರ್ಥವ್ಯವಸ್ಥೆ'ಯ ಬಗ್ಗೆ ಪುಸ್ತಕ ಬರೆದಿದ್ದರು. ಅದಕ್ಕೂ ಮೊದಲು ಗುಜರಾತಿನ ಮಾತರ್ ತಾಲ್ಲೂಕಿನ ಹಳ್ಳಿಗಳ ಆರ್ಥಿಕ ಸಮೀಕ್ಷೆ ಮಾಡಿಸಿದ್ದರು. ಅಂದರೆ ತಾಲ್ಲೂಕು ಮಟ್ಟದಲ್ಲಿ ಲೆಕ್ಕ ಹಿಡಿಯೋ ಕೆಲಸಕ್ಕೆ ನಮ್ಮಲ್ಲೇ ಮಾದರಿ ಉಂಟು.

ಎಡದಂಡೆ ಕಾಲುವೆಯ ಮೂಲ ಉದ್ದೇಶ

ನಮ್ಮ ಜಿಲ್ಲೆಯಲ್ಲಿ ಈ ಎರಡೂ ಗೆರೆ ಕಣ್ಣಿಗೆ ಕಾಣುವ ಜಾಗ ತುಂಗಭದ್ರಾ ಎಡದಂಡೆ ಕಾಲುವೆ. 1953ರಲ್ಲಿ ನೀರು ನಿಲ್ಲಿಸಿದ ಜಲಾಶಯದಿಂದ ಹೊರಟು ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರು ತಾಲ್ಲೂಕಿನತನಕ ಸುಮಾರು 227 ಕಿ.ಮೀ. ಹರಿಯೋ ಕಾಲುವೆ ಇದು.

ಇದನ್ನು ಕಟ್ಟಿದ್ದು ಬರದಿಂದ ಕಾಪಾಡೋಕೆ. ಇದ್ದ ನೀರನ್ನು ಹೆಚ್ಚು ಊರಿಗೆ, ಹೆಚ್ಚು ಹೊಲಕ್ಕೆ ತೆಳ್ಳಗೆ ಹರಡಬೇಕು, ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆ ಹೆಚ್ಚಿರಬೇಕು, ಭತ್ತ ಸ್ವಲ್ಪವೇ ಇರಬೇಕು ಅನ್ನೋದು ಯೋಜನೆ. ಎಲ್ಲಿ ಯಾವ ಬೆಳೆ ಅಂತ ಗುರುತು ಕೂಡ ಮಾಡಿದ್ದರು. ಆದರೆ ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಮಾನ್ವಿ, ರಾಯಚೂರು ಕಡೆಯ ಕೊನೆಭಾಗದ ರೈತರು ನೀರಿಗಾಗಿ ವರ್ಷಾ ರಸ್ತೆಗೆ ಇಳಿಯೋದು ರೂಢಿಯೇ ಆಯಿತು. ಮೇಲೆ ಹೆಚ್ಚು ನೀರು ನಿಂತ ಕಡೆ ಜೌಗು, ಸವುಳು. ಕೆಳಗೆ ಬಿರುಕು ಬಿಟ್ಟ ಹೊಲ. ಒಂದೇ ಕಾಲುವೆಯಲ್ಲಿ ಮೇಲಿನವರು ಹೊರಗೆರೆ ದಾಟಿದರೆ ಕೆಳಗಿನವರು ಒಳಗೆರೆಯಿಂದ ಜಾರಿದರು.

ಇತ್ತ ನೀರೂ ಕಡಿಮೆ ಆಗ್ತಿದೆ. ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಹಿಡಿಯೋದು ಸುಮಾರು 105 ಟಿಎಂಸಿ. 2024ರ ಆಗಸ್ಟ್‌ನಲ್ಲಿ 19ನೇ ಕ್ರೆಸ್ಟ್ ಗೇಟ್ ಕೊಚ್ಚಿ ಹೋದಾಗ ಎಷ್ಟು ಜನರ ಎದೆ ಧಸಕ್ಕೆಂದಿತ್ತು ಅನ್ನೋದು ಎಲ್ಲರಿಗೂ ನೆನಪಿದೆ.

ಭತ್ತ ಮತ್ತು ಜೋಳ: ಎರಡು ಲೆಕ್ಕ

2023-24ರ ಬೆಂಬಲ ಬೆಲೆ ತಗೊಳ್ಳಿ. ಸಾಮಾನ್ಯ ಭತ್ತಕ್ಕೆ ಕ್ವಿಂಟಲ್‌ಗೆ 2,183 ರೂಪಾಯಿ, ಹೈಬ್ರಿಡ್ ಜೋಳಕ್ಕೆ 3,180 ರೂಪಾಯಿ. ಎಕರೆಗೆ ಭತ್ತ 25 ಕ್ವಿಂಟಲ್, ನೀರಾವರಿ ಜೋಳ 10 ಕ್ವಿಂಟಲ್ ಅಂತ ಇಟ್ಟುಕೊಳ್ಳೋಣ.

ಎಕರೆ ಲೆಕ್ಕದಲ್ಲಿ ಭತ್ತ 54,575 ರೂಪಾಯಿ, ಜೋಳ 31,800 ರೂಪಾಯಿ. ಖರ್ಚು ತೆಗೆಯದ ಮೊತ್ತ ಇದು. ಭತ್ತ ಗೆದ್ದಿತು. ರೈತ ಭತ್ತ ಹಚ್ಚಿದರೆ ತಪ್ಪೇನು?

ಈಗ ನೀರಿನ ಲೆಕ್ಕ ಹಿಡಿಯಿರಿ. ಭತ್ತಕ್ಕೆ ಸುಮಾರು 1,200 ಮಿ.ಮೀ., ಜೋಳಕ್ಕೆ ಸುಮಾರು 450 ಮಿ.ಮೀ. ನೀರು ಬೇಕು. ಎಕರೆಗೆ ಭತ್ತಕ್ಕೆ 48.5 ಲಕ್ಷ ಲೀಟರ್, ಜೋಳಕ್ಕೆ 18.2 ಲಕ್ಷ ಲೀಟರ್. ಅಂದರೆ ಪ್ರತಿ ಸಾವಿರ ಲೀಟರ್ ನೀರಿಗೆ ಭತ್ತ ದುಡಿದದ್ದು 11 ರೂಪಾಯಿ, ಜೋಳ ದುಡಿದದ್ದು 17 ರೂಪಾಯಿ. ಒಂದು ಎಕರೆ ಭತ್ತದ ನೀರಲ್ಲಿ ಎರಡೂವರೆ ಎಕರೆಗಿಂತ ಹೆಚ್ಚು ಜೋಳ ಬರ್ತದೆ, ಅದರ ಒಟ್ಟು ಮೌಲ್ಯ ಸುಮಾರು 84,800 ರೂಪಾಯಿ. ಹೆಚ್ಚಿನ ಹೊಲಕ್ಕೆ ಬೀಜ, ಆಳಿನ ಖರ್ಚು ಬರ್ತದೆ, ಕಾಲುವೆಯಲ್ಲಿ ಸೋರಿಕೆಯೂ ಉಂಟು. ಅಷ್ಟಾದರೂ ನೀರಿನ ಲೆಕ್ಕದಲ್ಲಿ ಗೆಲ್ಲೋದು ಜೋಳವೇ.

ಇಲ್ಲೇ ಇಡೀ ವಿಷಯದ ಗಂಟು ಇರೋದು. ಜೋಳಕ್ಕೆ ತಿರುಗಿದ ಮೇಲ್ಭಾಗದ ರೈತನಿಗೆ ಎಕರೆಗೆ ಸುಮಾರು 22,700 ರೂಪಾಯಿ ಹುಟ್ಟುವಳಿ ಕಡಿಮೆ ಆಗ್ತದೆ. ಲಾಭ ಆಗೋದು 100 ಕಿ.ಮೀ. ಕೆಳಗಿರೋ ಇನ್ನೊಬ್ಬನಿಗೆ. ತನ್ನ ಹೊಟ್ಟೆ ಕಟ್ಟಿ ಯಾರು ನೀರು ಬಿಡ್ತಾರೆ? "ನೀರು ಉಳಿಸಿ" ಅಂತ ಗೋಡೆಗೆ ಬರೆದರೆ ಯಾರೂ ಬಿಡೋದಿಲ್ಲ. ಉಳಿದ ನೀರಿನ ಲಾಭದಲ್ಲಿ ಬಿಟ್ಟವನಿಗೂ ಪಾಲು ಸಿಗಬೇಕು. ಜೋಳವನ್ನು ಖಾತ್ರಿಯಾಗಿ ಕೊಳ್ಳೋ ವ್ಯವಸ್ಥೆ ಇರಬೇಕು. ಸರದಿ ನೀರು ಹೇಳಿದ ದಿನ ಬರಬೇಕು. ಜೌಗು ಹಿಡಿದ ಹೊಲದಲ್ಲಿ ಜೋಳ ಏಳೋದಿಲ್ಲ, ಅಲ್ಲಿ ಮೊದಲು ಬಸಿಗಾಲುವೆ ಬೇಕು. ಇದನ್ನೆಲ್ಲ ಒಬ್ಬ ರೈತ ತನ್ನ ಹೊಲದಲ್ಲಿ ಮಾಡಲಾರ. ನೀರು ಬಳಕೆದಾರರ ಸಹಕಾರ ಸಂಘ, ಪಂಚಾಯಿತಿ, ನೀರಾವರಿ ಇಲಾಖೆ ಕೂಡಿ ಉಪಕಾಲುವೆ ಮಟ್ಟದಲ್ಲಿ ಮಾಡಬೇಕಾದ ಕೆಲಸ.

ನಗರಕ್ಕೆ ಎಷ್ಟು ಬೇಕು?

ನಗರದವರು ರೈತರ ನೀರು ಕುಡೀತಾರೆ, ರೈತರು ನಗರದ ನೀರು ಹೊಲಕ್ಕೆ ಬಿಡ್ತಾರೆ ಅಂತ ಎರಡೂ ಕಡೆ ದೂರು. ಲೆಕ್ಕ ಮಾಡೋಣ. ನಗರದಲ್ಲಿ 3 ಲಕ್ಷ ಜನ, ತಲೆಗೆ ದಿನಕ್ಕೆ 135 ಲೀಟರ್ ಅಂದರೆ ವರ್ಷಕ್ಕೆ ಸುಮಾರು ಅರ್ಧ ಟಿಎಂಸಿ. ಇದು ಸರಿಸುಮಾರು 3,000 ಎಕರೆ ಭತ್ತದ ನೀರು, ಅಷ್ಟೇ.

ಹಾಗಿದ್ದೂ 2022ರ ಮೇ ಕೊನೆಗೆ ರಾಯಚೂರಿನಲ್ಲಿ ಕಲುಷಿತ ನಲ್ಲಿ ನೀರು ಕುಡಿದು ಜನ ಆಸ್ಪತ್ರೆ ಸೇರಿದರು, ಕೆಲವರು ಜೀವ ಕಳಕೊಂಡರು. ಎರಡು ನದಿಗಳ ನಡುವಿನ ಊರಲ್ಲಿ ಕೊರತೆ ಆಗಿದ್ದು ನೀರಿನದಲ್ಲ, ಶುದ್ಧ ನೀರಿನದು. ಎರಡು ಗೆರೆಯ ಚಿತ್ರ ಉಪಯೋಗಕ್ಕೆ ಬರೋದು ಇಂಥ ಕಡೆ. ಹೊರಗೆರೆ ಮುಟ್ಟದೆಯೂ ಒಳಗೆರೆ ಮುರಿಯಬಹುದು, ಅದಕ್ಕೆ ಮದ್ದು ಇನ್ನೊಂದು ಅಣೆಕಟ್ಟು ಅಲ್ಲ.

ಹೋದ ಸಾರ ಹೊಲಕ್ಕೆ ಬರಲಿ

ಯಾಪಲದಿನ್ನಿ ಕಡೆಯ ಮಳೆ ನೆಚ್ಚಿದ ಹೊಲಗಳಿಗೆ ಕಾಲುವೆ ಲೆಕ್ಕ ತಾಗೋದಿಲ್ಲ. ನಮಗೆ ಹೊರಗೆರೆ ಅಂದರೆ ಮಣ್ಣಿನ ಸಾವಯವ ಇಂಗಾಲ ಮತ್ತು ಕೊಳವೆಬಾವಿಯ ಆಳ. ತೊಗರಿ, ಹತ್ತಿ, ತರಕಾರಿ ಎಲ್ಲ ಪೇಟೆಗೆ ಹೋಗ್ತದೆ. ಅದರ ಜೊತೆ ಹೊಲದ ಸಾರವೂ ಹೋಗ್ತದೆ. ಪೇಟೆಯ ಹಸಿ ಕಸ ಮಾತ್ರ ಹೊಲಕ್ಕೆ ಬರೋದಿಲ್ಲ.

ನಗರದ ಕಾಂಪೋಸ್ಟ್ ತರಿಸೋಣ ಅಂದರೆ ರೈತರು ಕೇಳೋದು ಸರಿಯಾದ ಪ್ರಶ್ನೆಯನ್ನೇ: "ಯೂರಿಯಾಕ್ಕಿಂತ ಅಗ್ಗ ಏನ್ರೀ?" ಅಲ್ಲ. 45 ಕೆ.ಜಿ. ಯೂರಿಯಾ ಚೀಲದಲ್ಲಿ 20.7 ಕೆ.ಜಿ. ಸಾರಜನಕ ಇರ್ತದೆ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ನಗರ ಕಾಂಪೋಸ್ಟ್‌ನಲ್ಲಿ ಇರಬೇಕಾದ ಸಾರಜನಕ ಕನಿಷ್ಠ ಶೇ 0.8. ಒಂದು ಚೀಲ ಯೂರಿಯಾಕ್ಕೆ ಸಮ ಆಗಬೇಕಾದರೆ ಎರಡೂವರೆ ಟನ್ ಬೇಕು. ಸಾರಜನಕಕ್ಕಾಗಿ ಕಾಂಪೋಸ್ಟ್ ಕೊಂಡರೆ ನಷ್ಟ. ಆದರೆ ಅದೇ ಆದೇಶ ಕನಿಷ್ಠ ಶೇ 12 ಸಾವಯವ ಇಂಗಾಲ ಕೇಳ್ತದೆ. ಅಂದರೆ ಟನ್ನಿಗೆ 120 ಕೆ.ಜಿ. ಯೂರಿಯಾದಿಂದ ಮಣ್ಣಿಗೆ ಇದು ಸಿಗೋದಿಲ್ಲ. ಮಣ್ಣಿನಲ್ಲಿ ತೇವ ಹಿಡಿಯೋ ಶಕ್ತಿಗೆ ಚೀಲದ ಮೇಲೆ ಬೆಲೆ ಬರೆದಿರೋದಿಲ್ಲ, ಅದಕ್ಕೇ ನಮ್ಮ ಲೆಕ್ಕಕ್ಕೂ ಬರೋದಿಲ್ಲ.

ಒಂದು ಎಚ್ಚರ: ಬೆರಕೆ ಕಸದಿಂದ ಮಾಡಿದ ಕಾಂಪೋಸ್ಟ್ ತರಬೇಡಿ. ಪರೀಕ್ಷಾ ವರದಿ ಕೇಳಿ. ಕೆ.ಜಿ.ಗೆ ಸೀಸ 100 ಮಿ.ಗ್ರಾಂ., ಕ್ಯಾಡ್ಮಿಯಂ 5 ಮಿ.ಗ್ರಾಂ. ಮೀರಿರಬಾರದು. ಗಾಜು, ಪ್ಲಾಸ್ಟಿಕ್ ಚೂರು ಕಂಡರೆ ಲೋಡ್ ವಾಪಸ್ ಕಳಿಸಿ. ಮನೆಯಲ್ಲೇ ಹಸಿ ಕಸ, ಒಣ ಕಸ ಬೇರೆ ಮಾಡಬೇಕು ಅಂತ 2016ರ ಘನತ್ಯಾಜ್ಯ ನಿಯಮಗಳಲ್ಲೇ ಇತ್ತು. ಆ ಒಂದು ಕೆಲಸ ನಗರದವರು ಮಾಡಿದರೆ ಉಳಿದದ್ದು ಸುಲಭ.

ಗ್ರಾಮಸಭೆಗೆ ಒಂದು ಹಾಳೆ

ರಾಯಚೂರು 2018ರಿಂದ ಕೇಂದ್ರದ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿಯಲ್ಲಿದೆ. ಅಲ್ಲಿ ಅಳೆಯುವ 49 ಸೂಚ್ಯಂಕಗಳಲ್ಲಿ ಹೆಚ್ಚಿನವು ಒಳಗೆರೆಯವು. ಹೊರಗೆರೆಯನ್ನು ನಾವೇ ಜೋಡಿಸಬೇಕು. ಗ್ರಾಮ ಪಂಚಾಯಿತಿಗಳು ವರ್ಷಾ ತಮ್ಮ ಅಭಿವೃದ್ಧಿ ಯೋಜನೆ ತಯಾರಿಸುತ್ತವೆ. ಆ ಸಭೆಗೆ ಆರು ಅಂಕಿ ಇರೋ ಒಂದು ಹಾಳೆ ಒಯ್ಯಿರಿ.

ಒಳಗೆರೆಗೆ ಮೂರು: ಬೇಸಿಗೆಯಲ್ಲಿ ವಾರಕ್ಕೆ ಎಷ್ಟು ದಿನ ಕುಡಿಯೋ ನೀರು ಬಂತು? ಎಷ್ಟು ಮನೆಯವರು ಎಷ್ಟು ತಿಂಗಳು ಗುಳೆ ಹೋದರು? ಅಂಗನವಾಡಿ ದಾಖಲೆಯಲ್ಲಿ ತೂಕ ಕಡಿಮೆ ಇರೋ ಮಕ್ಕಳೆಷ್ಟು?

ಹೊರಗೆರೆಗೆ ಮೂರು: ಗುರುತು ಮಾಡಿದ ಐದು ಬಾವಿ ಅಥವಾ ಕೊಳವೆಬಾವಿಗಳಲ್ಲಿ ಮೇ ತಿಂಗಳ ನೀರಿನ ಮಟ್ಟ ಎಷ್ಟು? ಹತ್ತು ಹೊಲಗಳ ಮಣ್ಣು ಆರೋಗ್ಯ ಚೀಟಿಯಲ್ಲಿ ಸಾವಯವ ಇಂಗಾಲ ಎಷ್ಟು? ಹತ್ತಿಕಟ್ಟಿಗೆ, ಭತ್ತದ ಹುಲ್ಲು ಎಷ್ಟು ಎಕರೆಯಲ್ಲಿ ಸುಟ್ಟರು?

ಪ್ರತಿ ವರ್ಷ ಅದೇ ಬಾವಿ, ಅದೇ ಹೊಲ ಇರಲಿ, ಇಲ್ಲದಿದ್ದರೆ ಹೋಲಿಕೆ ಆಗೋದಿಲ್ಲ. ಮೂರು ವರ್ಷದ ಅಂಕಿ ಪಕ್ಕಪಕ್ಕ ಇಟ್ಟರೆ ಊರು ಯಾವ ಕಡೆ ಸರೀತಿದೆ ಅನ್ನೋದು ಓದು ಬಾರದವರಿಗೂ ತಿಳೀತದೆ. ಹೊಸ ಕಾಮಗಾರಿ ಬಂದಾಗ ಕೇಳಿ: ಇದರಿಂದ ಈ ಆರರಲ್ಲಿ ಯಾವುದು ಸುಧಾರಿಸ್ತದೆ, ಯಾವುದು ಕೆಡ್ತದೆ, ಕೆಟ್ಟರೆ ಆ ನಷ್ಟ ಯಾರ ಪಾಲಿಗೆ? ಉತ್ತರ ಠರಾವು ಪುಸ್ತಕದಲ್ಲಿ ಬರೆಸಿ. ಮಣ್ಣು ಪರೀಕ್ಷೆ ಮಾಡಿಸದವರು ಬೇಸಿಗೆಯಲ್ಲಿ ಹೊಲ ಖಾಲಿ ಇರುವಾಗಲೇ ಮಾದರಿ ತೆಗೆದು ನಿಮ್ಮ ರೈತ ಸಂಪರ್ಕ ಕೇಂದ್ರಕ್ಕೆ ಕೊಡಿ. ಹಾಳೆಯ ಒಂದು ಅಂಕಿ ಅಲ್ಲಿಂದಲೇ ಸಿಗ್ತದೆ.