ದೂಧಿ ಕಹಿಯಾದರೆ ಕುಡಿಯಬೇಡಿ

ಕಳೆದ ಮೇ ತಿಂಗಳ ಒಂದು ಬೆಳಿಗ್ಗೆ ನನ್ನ ಮಗ ಸೋರೆಕಾಯಿ ರಸ ತೆಗೆದು, ಒಂದು ಗುಟುಕು ಕುಡಿದವನೇ ಮುಖ ಹಿಂಡಿದ. "ಅಮ್ಮಾ, ಹಾಗಲಕಾಯಿಗಿಂತ ಕಹಿ! ಇರಲಿ, ಔಷಧಿ ಅಂದ್ರೆ ಹೀಗೇ ಅಲ್ವಾ?" ಎಂದು ಮೂಗು ಹಿಡಿದುಕೊಂಡು ಉಳಿದದ್ದನ್ನೂ ಕುಡಿಯಲು ಹೊರಟ. ನಾನು ಲೋಟ ಕಸಿದು ಮೋರಿಗೆ ಸುರಿದೆ. ಅವನಿಗೆ ಸಿಟ್ಟೇ ಬಂತು. ಮುಂಬಯಿಯಲ್ಲಿ ಹುಟ್ಟಿ ಬೆಳೆದು, ಸೋರೆಕಾಯಿಯನ್ನು ದೂಧಿ ಎಂದೇ ಕರೆಯುವ ನಿಮಗೂ ಅದರ ಕಾರಣ ತಿಳಿದಿರಲಿ.

ಬಿಸಿಲು ಹೆಚ್ಚಾದರೆ ದನ ನೆರಳಿಗೆ ಹೋಗುತ್ತದೆ. ಗಿಡಕ್ಕೆ ಕಾಲಿಲ್ಲ. ನೀರು ಸಾಲದಿರಲಿ, ಸೆಖೆ ಏರಲಿ, ಹುಳ ಕಡಿಯಲಿ, ನಿಂತಲ್ಲೇ ಎದುರಿಸಬೇಕು. ತನ್ನೊಳಗೆ ತಯಾರಿಸಿಕೊಳ್ಳುವ ರಾಸಾಯನಿಕಗಳೇ ಅದರ ಆಯುಧ. ನೀರಿನ ಕೊರತೆಯಾದರೆ ಮೆಣಸಿನಕಾಯಿಯ ಅನೇಕ ತಳಿಗಳಲ್ಲಿ ಖಾರ ಹೆಚ್ಚುತ್ತದೆ. ಸೋರೆ, ಸೌತೆ, ಹೀರೆ, ಕುಂಬಳಗಳ ಬಳಗಕ್ಕೆ ಇರುವುದು ಕುಕರ್ಬಿಟಾಸಿನ್ ಎಂಬ ಕಹಿ ವಸ್ತು. ಕಾಡುತಳಿಗಳಲ್ಲಿ ಇದು ಧಾರಾಳ. ನಮ್ಮ ರೈತರು ತಲೆತಲಾಂತರದಿಂದ ಕಹಿಯಿಲ್ಲದ ಕಾಯಿಯ ಬೀಜವನ್ನೇ ಆರಿಸಿ ಬಿತ್ತಿ ಅದನ್ನು ತಗ್ಗಿಸಿದ್ದಾರೆ. ಆದರೂ ಬಿರುಬಿಸಿಲು, ನೀರಿನ ಅಭಾವ, ಸಾರವಿಲ್ಲದ ಮಣ್ಣು ಇವುಗಳಿಂದ ಕಹಿ ಮತ್ತೆ ತಲೆಯೆತ್ತಬಹುದು. ಕೆಲವೊಮ್ಮೆ ಬೀಜದ ಗುಣವೂ ಕಾರಣ. ಹೊರಗಿನಿಂದ ಕಾಯಿ ನೋಡಿದರೆ ಏನೂ ತಿಳಿಯದು.

ಅಜ್ಜಿಯಂದಿರು ಸೌತೆಕಾಯಿಯ ತೊಟ್ಟು ಕೊಯ್ದು, ತಿಕ್ಕಿ, ನೊರೆ ಬರಿಸುತ್ತಿದ್ದರು. ತಿಕ್ಕಿದ ಮಾತ್ರಕ್ಕೆ ಕಾಯಿಯೊಳಗಿನ ಕಹಿ ಹೋಗುವುದಿಲ್ಲ. ಆದರೆ ತೊಟ್ಟಿನ ಕಡೆಗೆ ಕಹಿ ಹೆಚ್ಚು. ಅದನ್ನು ಕೊಯ್ದು, ಚೂರು ಬಾಯಿಗೆ ಹಾಕಿ ನೋಡಿ, ಆಮೇಲೆ ಹೆಚ್ಚುತ್ತಿದ್ದರಲ್ಲ, ಅದನ್ನು ನಾವು ಬಿಡಬಾರದು.

ಏಕೆಂದರೆ ಕಹಿ ಸೋರೆಕಾಯಿ ರಸ ಕುಡಿದು ನಮ್ಮ ದೇಶದಲ್ಲಿ ಜನ ಸತ್ತಿದ್ದಾರೆ. ವಾಂತಿ, ಭೇದಿ, ರಕ್ತವಾಂತಿ ಆಗಿ ರಕ್ತದೊತ್ತಡ ಕುಸಿಯುತ್ತದೆ. ಇದಕ್ಕೆ ಪ್ರತಿವಿಷ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ವರದಿ 2012ರಲ್ಲಿ ಪ್ರಕಟವಾಯಿತು. ಅದರ ಸಲಹೆ ಸರಳ: ರಸ ತೆಗೆಯುವ ಮೊದಲು ಚೂರು ರುಚಿ ನೋಡಿ, ಕಹಿಯಿದ್ದರೆ ಎಸೆಯಿರಿ, ಬೇರೆ ರಸದೊಡನೆ ಬೆರೆಸಬೇಡಿ, ಕುಡಿದ ಮೇಲೆ ಹೊಟ್ಟೆ ಕೆಟ್ಟರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಬೇಯಿಸಿದರೂ ಕಹಿ ಹೋಗದು.

ನಾನು ಓದಿದ್ದು ಇಂಗ್ಲಿಷ್ ಬಿ.ಎ., ರಸಾಯನಶಾಸ್ತ್ರವಲ್ಲ. ಆದರೆ ಮಗನಿಗೆ ಇಷ್ಟು ಹೇಳಿದೆ: "ಔಷಧಿ ಕಹಿ ಇರಬಹುದಪ್ಪಾ, ಕಹಿಯೆಲ್ಲಾ ಔಷಧಿಯಲ್ಲ." ಈಗ ಅವನು ಸೋರೆಕಾಯಿ ಕೊಯ್ದ ಕೂಡಲೇ ಒಂದು ಚೂರು ತಾನು ಬಾಯಿಗಿಟ್ಟು, ಇನ್ನೊಂದನ್ನು ನನಗೆ ಚಾಚುತ್ತಾನೆ. "ಅಮ್ಮಾ, ನೀನೂ ನೋಡು."